ಚೋಮ, ಬೆಳ್ಳಿ ಮತ್ತು ಆ ಕೊನೆಯ ದುಡಿ

ಬನಶಂಕರಿಯ ಸುಚಿತ್ರಾದಲ್ಲಿ ‘ಚೋಮನ ದುಡಿ’ ನೋಡಿ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ಇದೆಲ್ಲ ನಿಮಗೆ ಗೊತ್ತಿರೋದೇ ಬಿಡಿ.

ಉಳುವ ಹಕ್ಕಿಲ್ಲದ ಜಾತಿಯವನ ಬೇಸಾಯದ ಆಸೆಯ ಕತೆ ಅಂತಾರೆ. ಹೌದು. ಆದರೆ ಅಪ್ಪ-ಮಗಳ ಕತೆಯೂ ಅಲ್ವೇ? ಅಪ್ಪನ ಸಾಲ ತೀರಿಸಲು ಬೆಳ್ಳಿ ಕಾಫಿ ತೋಟಕ್ಕೆ ಹೋಗುತ್ತಾಳೆ. ಸಾಲ ತೀರುವುದು ಅವಳ ಮೈಯಿಂದ. ಮನ್ವೇಲನ ಜೊತೆ ಅವಳನ್ನು ಕಣ್ಣಾರೆ ಕಂಡ ಚೋಮ ಹೊಡೆದು ಹೊರಗಟ್ಟುತ್ತಾನೆ. ಎತ್ತುಗಳನ್ನು ಕಾಡಿಗೆ ಓಡಿಸಿ, ಬಾಗಿಲು ಹಾಕಿಕೊಂಡು, ಸಾಯುವ ತನಕ ದುಡಿ ಬಾರಿಸುತ್ತಾನೆ.

“ಮಾನ ಹೋಯ್ತು ಅನ್ನೋ ಸಿಟ್ಟು, ಅಷ್ಟೇ ಕಣೋ” ಅಂದ ಜೊತೆಗಿದ್ದ ಗೆಳೆಯ. ನನಗೆ ಹಾಗನ್ನಿಸಲಿಲ್ಲ. ಒಬ್ಬ ಮಗ ಮತ ಬದಲಿಸಿ ದೂರವಾದ, ಚನಿಯ ಜ್ವರದಲ್ಲಿ ಹೋದ, ನೀಲ ನೀರಲ್ಲಿ ಮುಳುಗಿದ... ಆಗೆಲ್ಲ ಚೋಮ ಹೇಗೋ ಬದುಕಿದ. ಬೆಳ್ಳಿಯನ್ನು ಅಟ್ಟಿದ ಮೇಲೆ ಬದುಕಲಾಗಲಿಲ್ಲ. ಆ ಹೊಡೆತವನ್ನು ನಾನು ಪ್ರೀತಿ ಅನ್ನಲಾರೆ. ಆದರೆ ಆ ದುಡಿ? ಅದನ್ನು ಕೇಳಿಸಿಕೊಳ್ಳಲು ಅವನಿಗೆ ಉಳಿದಿದ್ದವಳು ಅವಳೊಬ್ಬಳೇ, ಅವಳೂ ಅಲ್ಲಿರಲಿಲ್ಲ...