ಆ ನಗು ಯಾರ ಮೇಲಿನದು?

ಶಾಸ್ತ್ರೀಯ ಸಂಗೀತವೆಂದರೆ ಸಾಮಾನ್ಯ ಓದುಗನಿಗೆ ಅಳುಕು. ಥಾಟ್, ರಾಗ, ತಾಳಗಳ ಪಟ್ಟಿ ಕಂಡೊಡನೆ ಆತ ಪುಸ್ತಕ ಮುಚ್ಚಿಡುತ್ತಾನೆ. ಈ ಅಳುಕನ್ನು ಕಳೆಯಲು ಸಂಗೀತದ ಬಗ್ಗೆ ಬರೆದವರು ಹಲವು ಬಾರಿ ಹಾಸ್ಯದ ಮೊರೆ ಹೋಗಿದ್ದಾರೆ. ಆದರೆ ಆ ಹಾಸ್ಯಕ್ಕೆ ಗುರಿಯಾದವರು ಯಾರು?

ವಿಷ್ಣು ನಾರಾಯಣ ಭಾತಖಂಡೆ (1860-1936) ವಕೀಲಿಕೆ ಓದಿದವರು. 1910ರಿಂದ ಮರಾಠಿಯಲ್ಲಿ ಹೊರಬಂದ ಅವರ 'ಹಿಂದುಸ್ತಾನಿ ಸಂಗೀತ ಪದ್ಧತಿ' ಗುರುಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ನಡುನಡುವೆ ಊರೂರು ತಿರುಗಿ ಕಂಡ ಕಲಾವಿದರ ಪ್ರಸಂಗಗಳು ಬರುತ್ತವೆ. ಗ್ರಂಥದ ಪ್ರಶ್ನೆಗೆ ತಡವರಿಸುವವರು ಅಲ್ಲಿ ನಗೆಪಾಟಲಾಗುತ್ತಾರೆ. ಪಂಡಿತರನ್ನೂ ಅವರು ಬಿಟ್ಟಿಲ್ಲ, ನಿಜ. ಆದರೆ ಸಂಗೀತ ಅನಕ್ಷರಸ್ಥ ಉಸ್ತಾದರ ಕೈಸೇರಿ ಶಾಸ್ತ್ರ ಮರೆಯಾಯಿತೆಂಬ ಮಾತು ಆ ಕಾಲದ ಸುಧಾರಕರಲ್ಲಿ ಬಲವಾಗಿತ್ತು. ನಗುವಿನ ಹೆಚ್ಚಿನ ಪಾಲು ಬಿದ್ದದ್ದು ಉಸ್ತಾದರ ಮೇಲೆಯೇ.

ವಿಚಿತ್ರವೆಂದರೆ, ಅದೇ ಭಾತಖಂಡೆಯವರು ರಾಂಪುರದ ವಜೀರ್ ಖಾನರ ಶಿಷ್ಯರಾದರು. ಹಲವು ಉಸ್ತಾದರ ಮನೆತನಗಳಿಂದ ಬಂದಿಶ್‌ಗಳನ್ನು ಸಂಗ್ರಹಿಸಿದರು. ಆರು ಭಾಗಗಳ 'ಕ್ರಮಿಕ ಪುಸ್ತಕ ಮಾಲಿಕೆ' ಸ್ವರಲಿಪಿಯೊಡನೆ ಅವನ್ನು ಎಲ್ಲರಿಗೂ ತೆರೆದಿಟ್ಟಿತು. ಇದು ದೊಡ್ಡ ಉಪಕಾರವೇ. ಆದರೆ ಪುಸ್ತಕದೊಳಗಿನ ಸೊತ್ತು ಯಾರದು?

ಗ್ರಂಥದ ಭಾಷೆಯಲ್ಲಿ ಉತ್ತರಿಸಲಾಗದಿರುವುದು ಅಜ್ಞಾನವಲ್ಲ. ಅದಕ್ಕೆ ನಮ್ಮ ನಾಡೇ ಸಾಕ್ಷಿ. ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಗೆ ಕಲಿಸಿದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರು ಮಲ್ಲಿಕಾರ್ಜುನ ಮನ್ಸೂರರಿಗೆ ಗುರುಗಳಾದರು. ಈ ವಿದ್ಯೆ ಕಂಠದಿಂದ ಕಂಠಕ್ಕೆ ದಾಟಿದ್ದು. ಗುರುಗಳನ್ನು ಕುರಿತ ಶಿಷ್ಯನ ಭಕ್ತಿಯನ್ನು ಮನ್ಸೂರರ 'ನನ್ನ ರಸಯಾತ್ರೆ'ಯಲ್ಲಿ ಓದಬಹುದು.

ಮುಂದೆ ನಗುವಿನ ಬಗೆ ಬದಲಾಯಿತು. ಗಾಯಕಿ ಶೀಲಾ ಧರ್ 1995ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಬಡೇ ಗುಲಾಂ ಅಲಿ ಖಾನ್, ಬೇಗಂ ಅಖ್ತರ್ ಜೀವಂತವಾಗಿ ಓಡಾಡುತ್ತಾರೆ. ಆಗ್ರಾ ಘರಾನೆಯ ಗಾಯಕ ಕುಮಾರಪ್ರಸಾದ ಮುಖರ್ಜಿಯವರು ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ಇಂಥದೇ ಕೆಲಸ ಮಾಡಿದರು. ಉಸ್ತಾದರ ಹಟ, ಊಟ, ಬಿಂಕ ಎಲ್ಲವೂ ಇಲ್ಲಿ ನಗೆ ತರುತ್ತವೆ. ಆದರೆ ಬರೆದವರು ಅವರ ಎದುರು ಕೂತು ಕಲಿತವರು. ಶೀಲಾ ಅವರ ಹಾಸ್ಯ ದಿಲ್ಲಿಯ ಅಧಿಕಾರಿಗಳನ್ನೂ, ಸ್ವತಃ ತಮ್ಮನ್ನೂ ಬಿಡುವುದಿಲ್ಲ. ನಕ್ಕ ಮೇಲೆ ಆ ಕಲಾವಿದರ ಹಾಡು ಕೇಳಬೇಕೆನಿಸುತ್ತದೆ.

ಹೊಸ ಕೇಳುಗ ಮೊದಲು ಓದಬೇಕಾದದ್ದು ಇಂಥ ಬರಹ. ಒಂದು ಅಧ್ಯಾಯ ಓದಿ, ಆ ಕಲಾವಿದರದೇ ಒಂದು ಧ್ವನಿಮುದ್ರಿಕೆ ಕೇಳಬೇಕು. ವ್ಯಾಕರಣ ಆಮೇಲೆ ಬಂದೀತು. ಹಾಡಿದವರನ್ನು ಸಣ್ಣವರಾಗಿಸುವ ನಗು ಮಾತ್ರ ಕಿವಿಯನ್ನು ತೆರೆಸುವುದಿಲ್ಲ, ಮುಚ್ಚಿಸುತ್ತದೆ.