ನಾವು ತೆರೆಯದ ನಳ್ಳಿ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಆಗ ಲೆಕ್ಕ ಗಂಟೆಗಳಲ್ಲಿತ್ತು. ಮೋಡೆಮ್ ಕಿರುಗುಟ್ಟಿ ಸಂಪರ್ಕ ಸಿಕ್ಕಿದರೆ ಮನೆಯ ಫೋನು ಎಂಗೇಜ್. ಕೆಲಸ ಮುಗಿದೊಡನೆ ಸಂಪರ್ಕ ಕಡಿಯುತ್ತಿದ್ದರು. ಎಷ್ಟು ಬಳಸಿದೆವೆಂದು ತಿಳಿಯಲು ಗೋಡೆಯ ಗಡಿಯಾರವೇ ಸಾಕಿತ್ತು.

2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಸಂಪರ್ಕ ಸದಾ ತೆರೆದೇ ಇರತೊಡಗಿತು. ಗಂಟೆಯ ಜಾಗಕ್ಕೆ ಎಂಬಿ ಬಂತು. ಗಂಟೆ ಕಣ್ಣಿಗೆ ಕಾಣುತ್ತದೆ, ಎಂಬಿ ಕಾಣುವುದಿಲ್ಲ. ಬಿಲ್ಲು ಬಂದಾಗ ಮನೆಯವರು ಮಕ್ಕಳನ್ನು ಗದರಿಸಿದರು. ಆದರೆ ಎಷ್ಟೋ ಸಲ ತಪ್ಪು ಮಕ್ಕಳದ್ದಾಗಿರಲಿಲ್ಲ. ಕಂಪ್ಯೂಟರ್ ತಾನಾಗಿಯೇ ನಳ್ಳಿ ತೆರೆಯಲು ಕಲಿತಿತ್ತು.

ಅದಕ್ಕೂ ಕಾರಣವಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳನ್ನು ಕಾಡಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈಯಲ್ಲೇ ಕೊಟ್ಟಿತ್ತು. ಬಹಳಷ್ಟು ಮಂದಿ ಹಾಕಿಕೊಂಡಿರಲಿಲ್ಲ. ತೇಪೆ ತಾನಾಗಿಯೇ ಇಳಿಯಲಿ ಎಂಬ ವಾದಕ್ಕೆ ಆಗ ಬಲ ಬಂತು.

ಒಳ್ಳೆಯ ಉದ್ದೇಶಕ್ಕೆ ತೆರೆದ ಬಾಗಿಲಲ್ಲಿ ಬೇರೆಯವೂ ನುಗ್ಗಿದವು. 2015ರಲ್ಲಿ ವಿಂಡೋಸ್ 10ರ ಜಿಬಿಗಟ್ಟಲೆ ಕಡತಗಳು, ಕೇಳದವರ ಕಂಪ್ಯೂಟರಿಗೂ ಇಳಿದವು. ಡೆಲಿವರಿ ಆಪ್ಟಿಮೈಸೇಶನ್ ಎಂಬ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾವು ದುಡ್ಡು ಕೊಟ್ಟ ಸಂಪರ್ಕದಿಂದಲೇ ಅಪರಿಚಿತರ ಯಂತ್ರಗಳಿಗೂ ಅಪ್‌ಡೇಟ್ ಹಂಚುವ ಕೆಲಸ ಅದರದ್ದು.

2016ರ ನಂತರ ಡೇಟಾ ಅಗ್ಗವಾಯಿತು, ಲೆಕ್ಕ ಮರೆತುಹೋಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದು ಮತ್ತೆ ನೆನಪಾಯಿತು. ತಂದೆಯ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಪಾಠ ಕೇಳುವ ಮಗುವಿಗೆ ದಿನಕ್ಕೆ ಸಿಗುವುದು ಒಂದೋ ಎರಡೋ ಜಿಬಿ. ಹಾಟ್‌ಸ್ಪಾಟ್ ಯಾವುದು, ಮಿತಿಯಿಲ್ಲದ ವೈಫೈ ಯಾವುದು ಎಂದು ನಾವು ಹೇಳದಿದ್ದರೆ ಕಂಪ್ಯೂಟರಿಗೆ ಹಲವು ವೇಳೆ ಗೊತ್ತಾಗುವುದಿಲ್ಲ. ಅಪ್‌ಡೇಟ್ ಇಳಿದು ಮುಗಿಯುವಾಗ ಪಾಠ ನಿಂತಿರುತ್ತದೆ.

ಹೇಳುವ ದಾರಿ 2012ರ ವಿಂಡೋಸ್ 8ರಲ್ಲೇ ಬಂದಿದೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದರೆ ದೊಡ್ಡ ಇಳಿಕೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಈಗಿನ ವಿಂಡೋಸ್‌ನ 'ಡೇಟಾ ಯೂಸೇಜ್' ಪುಟ ಯಾವ ಆಪ್ ಎಷ್ಟು ನುಂಗಿದೆಯೆಂದು ತೋರಿಸುತ್ತದೆ. ಈ ಕ್ಷಣ ಯಾವುದು ಎಳೆಯುತ್ತಿದೆ ಎಂಬುದಕ್ಕೆ 'ರಿಸೋರ್ಸ್ ಮಾನಿಟರ್' ಇದೆ. ಆ ಪಟ್ಟಿಯಲ್ಲಿ ಬ್ರೌಸರ್ ಮೇಲಿದ್ದರೆ ವಿಡಿಯೊದ ಗುಣಮಟ್ಟ ಇಳಿಸಿ, ತಾನಾಗಿ ಓಡುವುದನ್ನು ನಿಲ್ಲಿಸಿ. ಒನ್‌ಡ್ರೈವ್ ಮೇಲಿದ್ದರೆ ಫೋಟೊಗಳ ರವಾನೆಯನ್ನು ತಡೆಹಿಡಿಯಿರಿ. ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ಇತರರಿಗೆ ಹಂಚುವುದನ್ನು ಆಫ್ ಮಾಡಿ. ಕಂಪ್ಯೂಟರಿನ ಲೆಕ್ಕಕ್ಕೂ ಕಂಪೆನಿಯ ಲೆಕ್ಕಕ್ಕೂ ತಾಳೆಯಾಗದಿದ್ದರೆ, ನಿಮ್ಮ ವೈಫೈಯನ್ನು ಇನ್ನಾರೋ ಬಳಸುತ್ತಿರಬಹುದು, ಪಾಸ್‌ವರ್ಡ್ ಬದಲಿಸಿ.

ಆದರೆ ಸಿಟ್ಟಿನಲ್ಲಿ ಅಪ್‌ಡೇಟನ್ನೇ ಕೊಲ್ಲಬೇಡಿ. 2017ರ ಮೇಯಲ್ಲಿ ವಾನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳನ್ನು ತಡವರಿಸುವಂತೆ ಮಾಡಿದಾಗಲೂ, ಅದರ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಧಾರಾಳ ಸಂಪರ್ಕ ಸಿಕ್ಕ ದಿನ, ನಿಮ್ಮ ಕೈಯಾರೆ ಅದನ್ನು ಇಳಿಸಿಕೊಳ್ಳಿ. ನಳ್ಳಿ ಇರಲಿ, ಅದನ್ನು ತಿರುಗಿಸುವ ಕೈ ಮಾತ್ರ ಮನೆಯವರದ್ದಾಗಿರಲಿ.