ಮಾಹುಲಿನ ಅರವತ್ತೇಳು ಮಂದಿ

ಗಾಳಿ ಆಗ್ನೇಯದಿಂದ ಬೀಸಿದ ದಿನ ಮಾಹುಲಿನ ತೈಲ ಶುದ್ಧೀಕರಣಾಗಾರಗಳ ವಾಸನೆ ಕುರ್ಲಾದ ನಮ್ಮ ಬಾಗಿಲಿಗೇ ಬರುತ್ತದೆ. ಅವುಗಳಲ್ಲೊಂದರಲ್ಲಿ ಗುಡಿಸಿ ತೊಳೆಯುತ್ತಿದ್ದವರ ವ್ಯಾಜ್ಯದಿಂದ ದೇಶದ ಕಾರ್ಮಿಕ ಕಾನೂನು ಹೊಸ ದಾರಿ ಹಿಡಿಯಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಇಂದು ಹಿಂದುಸ್ತಾನ್ ಪೆಟ್ರೋಲಿಯಂ ಆಗಿರುವ ಆ ಕಾರ್ಖಾನೆಯನ್ನು 1954ರಲ್ಲಿ ಆರಂಭಿಸಿದ್ದು ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಎಂಬ ಅಮೆರಿಕನ್ ಕಂಪನಿ. 1951ರಲ್ಲಿ ಭಾರತ ಸರಕಾರದೊಡನೆ ಒಪ್ಪಂದ ಮಾಡಿಕೊಳ್ಳುವಾಗಲೇ, 25 ವರ್ಷ ರಾಷ್ಟ್ರೀಕರಣ ಮಾಡುವುದಿಲ್ಲವೆಂಬ ಭರವಸೆ ಪಡೆದುಕೊಂಡಿತ್ತು. ದೊಡ್ಡ ಅಪಾಯಗಳನ್ನೆಲ್ಲ ಕಾಗದದಲ್ಲಿ ಕಟ್ಟಿಹಾಕಿದ ಕಂಪನಿಗೆ ತೊಡಕು ಬಂದದ್ದು ಪೊರಕೆಯಿಂದ.

ಸ್ಥಾವರವನ್ನೂ ಆವರಣವನ್ನೂ ಶುಚಿಗೊಳಿಸುವ ಕೆಲಸವನ್ನು ಕಂಪನಿ ಗುತ್ತಿಗೆದಾರನಿಗೆ ಕೊಟ್ಟಿತ್ತು. ಆತನ ಕೈಕೆಳಗೆ 67 ಜನ. ಕಂಪನಿಯ ಸ್ವಂತ ಕೂಲಿಗಳಿಗಿಂತ ಅವರ ಸಂಬಳ ಬಹಳ ಕಡಿಮೆ. ಭವಿಷ್ಯನಿಧಿ, ಬೋನಸ್, ರಜೆ, ಔಷಧೋಪಚಾರ ಯಾವುದೂ ಇಲ್ಲ. ಅವರ ಪರವಾಗಿ ದನಿ ಎತ್ತಿದವರು ಕಂಪನಿಯ ಖಾಯಂ ನೌಕರರು. ಇದು ಗಮನಿಸಬೇಕಾದ ಸಂಗತಿ, ಏಕೆಂದರೆ ಖಾಯಂ ಆದವರು ಆಗದವರನ್ನು ಮರೆಯುವುದೇ ನಾವು ಕಂಡ ರೂಢಿ.

ಇವರು ನಮ್ಮ ಆಳುಗಳಲ್ಲ, ಗುತ್ತಿಗೆ ಪ್ರಾಮಾಣಿಕವಾದದ್ದು ಎಂದು ಕಂಪನಿ ವಾದಿಸಿತು. ಗುತ್ತಿಗೆ ನಿಜವಾದದ್ದೇ ಎಂಬುದನ್ನು ಸುಪ್ರೀಂ ಕೋರ್ಟು 1960ರಲ್ಲಿ ಒಪ್ಪಿತು. ಆದರೂ ನ್ಯಾಯಮಂಡಳಿ ಅದನ್ನು ಮುಟ್ಟಬಾರದೆಂದೇನೂ ಇಲ್ಲ ಎಂದಿತು. ಈ ಕೆಲಸ ಉತ್ಪಾದನೆಗೆ ಅಗತ್ಯವೇ? ವರ್ಷವಿಡೀ ನಡೆಯುವುದೇ? ಪೂರ್ಣಾವಧಿಯ ಆಳುಗಳಿಗೆ ಸಾಕಾಗುವಷ್ಟಿದೆಯೇ? ಬೇರೆಡೆ ಇದನ್ನು ಸ್ವಂತ ನೌಕರರೇ ಮಾಡುವರೇ? ಎಲ್ಲಕ್ಕೂ ಹೌದೆಂಬ ಉತ್ತರ ಬಂದು, ಗುತ್ತಿಗೆ ಪದ್ಧತಿ ರದ್ದಾಗಬೇಕೆಂಬ ನ್ಯಾಯಮಂಡಳಿಯ ತೀರ್ಪು ಉಳಿಯಿತು. ಹೊರದೇಶದ ಮಾಲೀಕರಿಗೆ ಇದು ವಿಚಿತ್ರವಾಗಿ ಕಂಡಿರಬೇಕು: ಕರಾರು ಸರಿಯಾಗಿದೆ, ಆದರೂ ನಡೆಯದು!

ಈ ನಾಲ್ಕು ಪ್ರಶ್ನೆಗಳೇ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 10ನೆಯ ಕಲಮಿಗೆ ಬಂದು ಕುಳಿತವು. ಆ ಹೊತ್ತಿಗೆ ಕಾರ್ಖಾನೆಯ ಬೋರ್ಡು ಎಸ್ಸೊ ಎಂದಾಗಿತ್ತು. 1974ರಲ್ಲಿ ಸರಕಾರ ಅದನ್ನು ವಶಪಡಿಸಿಕೊಂಡಿತು. 25 ವರ್ಷ ತುಂಬಿರಲಿಲ್ಲ.

ಅದೇ ಕಾಯಿದೆಯಡಿ 1976ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸುವ, ಒರೆಸುವ, ಕಾಯುವ ಕೆಲಸಕ್ಕೆ ಗುತ್ತಿಗೆಯನ್ನು ನಿಷೇಧಿಸಿತು. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಆ ಅಧಿಸೂಚನೆಯನ್ನು ತಳ್ಳಿಹಾಕಿತು. ಎಲ್ಲ ಸಂಸ್ಥೆಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸದೆ ಒಟ್ಟಾಗಿ ನಿಷೇಧಿಸಿದ್ದು ತಪ್ಪೆಂದಿತು. ಗುತ್ತಿಗೆ ನಿಂತ ಮಾತ್ರಕ್ಕೆ ಕೆಲಸಗಾರ ತಾನಾಗಿ ಖಾಯಂ ಆಗುವುದಿಲ್ಲವೆಂದೂ ಹೇಳಿತು.

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಸಲ್ಲದು ಎಂಬುದು ಅದರ ನಿಯಮ. ಯಾವುದು ಮುಖ್ಯವಲ್ಲ ಎಂಬ ಪಟ್ಟಿಯಲ್ಲಿ ಗುಡಿಸುವುದೂ ಶುಚಿಗೊಳಿಸುವುದೂ ಇವೆ.

ನಮ್ಮ ಕಚೇರಿಯ ಮಹಡಿ ಗುಡಿಸುವ ಬಾಯಿ ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾರೆ. ಅಷ್ಟರಲ್ಲಿ ಗುತ್ತಿಗೆದಾರರು ನಾಲ್ವರು ಬದಲಾದರು. ಅವರ ಬಿಲ್ಲಿಗೆ ಟಿಪ್ಪಣಿ ಬರೆಯುವವರು ನಾವೇ. ಹೊಸ ಕಾನೂನಿನಿಂದ ತಮಗೇನು ಸಿಗುತ್ತದೆಂದು ಮೊನ್ನೆ ಕೇಳಿದರು. ನೇಮಕದ ಪತ್ರ ಕೊಡಲೇಬೇಕು, ಕೇಳಿ ಪಡೆಯಿರಿ ಎಂದೆವು. ಖಾಯಂ ಮಾಡುತ್ತಾರೆಯೇ ಎಂದದ್ದಕ್ಕೆ ಇಲ್ಲವೆಂದೇ ಹೇಳಬೇಕಾಯಿತು.